ಹಾರ್ಟ್‌ವರ್ಮ್ ಮಾತ್ರೆ ಅಂತ ಕೊಟ್ಟರು, ಒಳಗೆ ಬೇರೆ ಔಷಧವೂ ಇತ್ತು

ನಿಮ್ಮ ನಾಯಿಗೆ ಹಿಂದೆ ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ದಯವಿಟ್ಟು ಇದನ್ನು ಓದಿ.

ನಮ್ಮ ನಾಯಿಗೆ ಮರಿಯಾಗಿದ್ದಾಗ ಫಿಟ್ಸ್ ಬಂದಿತ್ತು. ಆಗ ನೋಡಿದ್ದೂ ಇದೇ ಕ್ಲಿನಿಕ್. ಫೈಲಿನ ಮೊದಲ ಪುಟದಲ್ಲೇ ಬರೆದಿದೆ. ಈ ಸಲ ಹಾರ್ಟ್‌ವರ್ಮ್ (ಹೃದಯದ ಹುಳ) ಬರದಂತೆ ತಿಂಗಳಿಗೊಮ್ಮೆ ಕೊಡುವ ಮಾತ್ರೆ ಸ್ಟಾಕ್ ಇಲ್ಲ ಅಂದರು. ಪೆಟ್ಟಿಗೆಯಿಲ್ಲದ ಒಂದು ಅಗಿಯುವ ಮಾತ್ರೆ ಕೊಟ್ಟರು. ಇದರಲ್ಲಿ ಬೇರೇನಾದರೂ ಇದೆಯಾ ಅಂತ ಕೇಳಿದೆ. ‘ಅದೇ ಔಷಧ, ಇನ್ನೂ ಒಳ್ಳೆಯದು’ ಅಂದರು. ಅದೇ ಔಷಧ ಅಂತೆ!

ಮಾರನೇ ದಿನ ಮೊದಲು ಒಂದು ಕಡೆಯ ತುಟಿ ಅದುರಿತು. ಜೊಲ್ಲು ಸುರಿಯಿತು. ಆಮೇಲೆ ಪಕ್ಕಕ್ಕೆ ಬಿದ್ದು ಸೆಟೆದುಕೊಂಡಿತು, ನಾಲ್ಕೂ ಕಾಲು ಬಡಿಯತೊಡಗಿತು. ಎದ್ದ ಮೇಲೂ ನನ್ನ ಗುರುತೇ ಸಿಗದೆ ಗೋಡೆಗೆ ಮುಖ ಒತ್ತಿ ನಿಂತಿತ್ತು.

ಫೋನ್ ಮಾಡಿದರೆ ‘ಹಾರ್ಟ್‌ವರ್ಮ್ ಮಾತ್ರೆಗೆ ಫಿಟ್ಸ್ ಬರಲ್ಲ, ಬಿಸಿಲಿಗೆ ಆಗಿರಬೇಕು’ ಅಂದರು. ಮಾತ್ರೆಯ ಹೆಸರು ಹೇಳಿ ಅಂತ ಗೋಗರೆದ ಮೇಲೆ ಪೆಟ್ಟಿಗೆಯ ಫೋಟೋ ಬಂತು. ಹಾರ್ಟ್‌ವರ್ಮ್‌ನ ಮಿಲ್ಬೆಮೈಸಿನ್ ಜೊತೆಗೆ ಅಫಾಕ್ಸೊಲಾನರ್. ಎರಡನೆಯದು ಉಣ್ಣಿ, ಚಿಗಟದ ಔಷಧ! ಈ ಗುಂಪಿನ ಔಷಧಗಳಿಂದ ನಡುಕ, ತೂರಾಟ, ಫಿಟ್ಸ್ ಬರಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ. ಫಿಟ್ಸ್ ಇದ್ದ ನಾಯಿಗೆ ಜಾಗ್ರತೆಯಿಂದ ಕೊಡಿ ಅಂತ ಕಂಪನಿಯ ಚೀಟಿಯಲ್ಲೇ ಇದೆ. ಓದುತ್ತಾ ಮೈ ಉರಿದುಹೋಯಿತು. ಕೇಳಿಯೂ ಮೋಸಹೋದೆನಲ್ಲ!

ಬೇರೆ ಡಾಕ್ಟರ್ ಡಯಾಜೆಪಾಮ್ ಕೊಟ್ಟು ನಿಲ್ಲಿಸಿದರು. ಈ ಮಾತ್ರೆಯಿಂದಲೇ ಅಂತ ನೂರಕ್ಕೆ ನೂರು ಹೇಳೋಕೆ ಆಗಲ್ಲ, ಆದರೆ ಅನುಮಾನ ಅದರ ಮೇಲೇ ಅಂದರು. ಔಷಧ ವಾರಗಟ್ಟಲೆ ಮೈಯಲ್ಲೇ ಇರುತ್ತದೆ, ಹೊರಗೆ ತೆಗೆಯೋಕೆ ಆಗಲ್ಲ. ಅಷ್ಟು ದಿನವೂ ರಾತ್ರಿ ನಾಯಿಯ ಪಕ್ಕದಲ್ಲೇ ಮಲಗಿದ್ದೇವೆ, ಸಣ್ಣಗೆ ಕಾಲು ಅಲ್ಲಾಡಿಸಿದರೂ ಎದ್ದು ಕೂರುತ್ತಾ.

ಕ್ಲಿನಿಕ್‌ಗೆ ಹೋಗಿ ಫೈಲ್ ತೆರೆದು ತೋರಿಸಿದೆ. ‘ಎಲ್ಲರ ಫೈಲ್ ನೋಡ್ತಾ ಕೂರೋಕೆ ಆಗಲ್ಲ, ನೀವೇ ನೆನಪಿಸಬೇಕಿತ್ತು’ ಅಂದರು. ಫೈಲ್ ಬರೆದವರು ಅವರು, ನೆನಪಿಸಬೇಕಾದವರು ನಾವು! ಒಂದು ಕ್ಷಮೆಯನ್ನೂ ಕೇಳಲಿಲ್ಲ.

ಹಾಗಂತ ಹಾರ್ಟ್‌ವರ್ಮ್ ಔಷಧ ನಿಲ್ಲಿಸಬೇಡಿ. ಸೊಳ್ಳೆಯಿಂದ ಹರಡುವ ಆ ಹುಳ ಹೃದಯ, ಶ್ವಾಸಕೋಶದ ರಕ್ತನಾಳ ಸೇರಿ ನಾಯಿಯ ಜೀವ ತೆಗೆಯುತ್ತದೆ. ಬರೀ ಹಾರ್ಟ್‌ವರ್ಮ್‌ಗೆ ಅಂತಲೇ ಮಾತ್ರೆಗಳಿವೆ, ಅದನ್ನೇ ಕೇಳಿ. ಪೆಟ್ಟಿಗೆ ತೋರಿಸದೆ ಕೊಟ್ಟರೆ ತಗೊಳ್ಳಬೇಡಿ. ಪೆಟ್ಟಿಗೆ ಮೇಲೆ ಇದೇ ಗುಂಪಿನ ಅಫಾಕ್ಸೊಲಾನರ್, ಸರೊಲಾನರ್, ಲೊಟಿಲಾನರ್, ಫ್ಲುರಾಲಾನರ್ ಅಂತ ಕಂಡರೆ ಫಿಟ್ಸ್ ವಿಷಯ ಗಟ್ಟಿಯಾಗಿ ಹೇಳಿ.

ಆಗಿದ್ದನ್ನು ಕಂಪನಿಗೆ ತಿಳಿಸಿ ಅಂತ ಕ್ಲಿನಿಕ್‌ನವರಿಗೆ ಅಂದರೆ ‘ಅದು ನಮ್ಮ ಕೆಲಸವಲ್ಲ’ ಅಂದರು. ನಾನೇ ಎಲ್ಲ ಬರೆದು ಕಳಿಸಿದ್ದೇನೆ.