ಲೂರಿ ಆನ್‌ಲೈನ್ ಕೋರ್ಸ್: ಆಡಿಯೊ ಚೆನ್ನ, ಟಿಪ್ಪಣಿ ಸೊಟ್ಟ

ಹನ್ನೆರಡು ಪಾಠದ ಈ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ತಿಳಿದಿರಲಿ, ಇಲ್ಲಿ ಕಲಿಸುವುದು ಬಖ್ತಿಯಾರಿ, ಅಂದರೆ ಇರಾನಿನ ಪಶ್ಚಿಮ, ನೈಋತ್ಯ ಭಾಗದ ಲೂರಿ ಭಾಷೆಯ ಒಂದು ಬಗೆ. ಜಾಹೀರಾತಿನಲ್ಲಿ ಬರೀ ‘ಲೂರಿ’ ಅಂತಿದೆ. ಖುರ್ರಮಾಬಾದ್ ಕಡೆಯ ಉತ್ತರ ಲೂರಿ, ಯಾಸೂಜ್ ಸುತ್ತಿನ ದಕ್ಷಿಣ ಲೂರಿ ಬೇಕಾದವರಿಗೆ ಇದು ಅರ್ಧಂಬರ್ಧ.

ಆಡಿಯೊ ಸ್ಪಷ್ಟ, ಮಾತಿನ ವೇಗವೂ ಹದ. ಹಾಳು ಮಾಡಿದ್ದು ಮೊದಲ ಪಾಠದ ಟಿಪ್ಪಣಿ: ಲೂರಿ ಅಂದರೆ ಹಳ್ಳಿಯವರ ಫಾರ್ಸಿಯಂತೆ! ಶಿರಸಿ ಕಡೆಯವರಿಗೆ ಇದರ ಪೊಳ್ಳು ಬೇಗ ತಿಳಿಯುತ್ತದೆ. ಹವ್ಯಕರ ‘ಆನು’ ನಮ್ಮ ‘ನಾನು’ ಕೆಟ್ಟು ಆದದ್ದಲ್ಲ, ಹಳಗನ್ನಡದ ‘ಆನ್’ ಉಳಿದು ಬಂದದ್ದು. ಲೂರಿಯೂ ಫಾರ್ಸಿಯೂ ನೈಋತ್ಯ ಇರಾನಿ ಗುಂಪಿನ ಅಕ್ಕತಂಗಿಯರು. ಕುರ್ದಿಷ್ ಸೇರುವುದು ವಾಯವ್ಯ ಗುಂಪಿಗೆ.

ಫಾರ್ಸಿ ಬಲ್ಲವರು ಮುಗ್ಗರಿಸುವುದು ಸ್ವರದಲ್ಲಿ. ಫಾರ್ಸಿಯ ‘ಊ’ ಲೂರಿಯ ಎಷ್ಟೋ ಪದಗಳಲ್ಲಿ ‘ಈ’ ಆಗುತ್ತದೆ. ದುಡ್ಡಿಗೆ ಅಲ್ಲಿ ಪೂಲ್, ಇಲ್ಲಿ ಪೀಲ್. ದೂರಕ್ಕೆ ಅಲ್ಲಿ ದೂರ್, ಇಲ್ಲಿ ದೀರ್. ಆದರೆ ಫಾರ್ಸಿಯಲ್ಲಿ ದೀರ್ ಅಂದರೆ ತಡ! ನಾಲ್ಕನೇ ಪಾಠದಲ್ಲಿ ‘ಮನೆ ದೂರ’ ಎನ್ನುವ ವಾಕ್ಯಕ್ಕೆ ‘ತಡವಾಯಿತು’ ಅಂತ ಅರ್ಥ ಕೊಟ್ಟು ಕೂತಿದ್ದಾರೆ. ಬರಹ ನೋಡಿ ಬಿಡಿಸೋಣ ಅಂದರೆ ಎರಡಕ್ಕೂ ಅದೇ ದಾಲ್, ಯೆ, ರೆ ಎಂಬ ಅರಬಿ-ಫಾರ್ಸಿ ಅಕ್ಷರಗಳು. ಸಂದರ್ಭವೇ ಗತಿ. ನೀರಿನ ಆಬ್ ‘ಒವ್’ ಆಗುವುದು, ರಾತ್ರಿಯ ಶಬ್ ‘ಶೊವ್’ ಆಗುವುದು, ಕ್ರಿಯಾಪದದ ಮುಂದಿನ ‘ಮೀ’ ಬಖ್ತಿಯಾರಿಯಲ್ಲಿ ‘ಎ’ ಆಗುವುದು, ಇವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಅರ್ಧ ಪಾಠ ಮುಗಿದಂತೆ. ಕೋರ್ಸಿನಲ್ಲಿ ಇವು ಚೆಲ್ಲಾಪಿಲ್ಲಿ.

ಕನ್ನಡದಲ್ಲಿ ನೋಟ್ಸ್ ಬರೆದುಕೊಳ್ಳುವವರು ಗಂಟಲಿನಿಂದ ಉಜ್ಜಿ ಬರುವ ಖಕಾರಕ್ಕೆ ಕೆಳಗೆ ಚುಕ್ಕಿ ಹಾಕಿ ‘ಖ಼’ ಅಂತಲೇ ಬರೆಯಿರಿ. ಇಲ್ಲದಿದ್ದರೆ ‘ಖರ’, ‘ಖಾರ’ದ ಖ ಬಾಯಿಗೆ ಬಂದುಬಿಡುತ್ತದೆ. ಕತ್ತೆಗೆ ಫಾರ್ಸಿಯಲ್ಲಿ ಖ಼ರ್, ಬಖ್ತಿಯಾರಿಯಲ್ಲಿ ಹರ್. ಭಟ್ಕಳದ ನವಾಯತಿ ಓದುಬರಹ ಬಲ್ಲವರಿಗೆ ಲಿಪಿಯ ಪಾಠ ದಾಟಿಸಬಹುದು. ಕೊಂಕಣಿ ಬೇರಿನ ಮಾತನ್ನು ಅರಬಿ-ಫಾರ್ಸಿ ಅಕ್ಷರದಲ್ಲಿ ಬರೆದು ಅವರಿಗೆ ರೂಢಿಯೇ ಇದೆ.

ಹತ್ತನೇ ಪಾಠದಲ್ಲಿ ಪಕ್ಕದ ಇನ್ನೊಂದು ಇರಾನಿ ಭಾಷೆಯಾದ ಲಕಿಯ ವಾಕ್ಯಗಳನ್ನು ಲೂರಿ ಎಂದು ತುರುಕಿದ್ದಾರೆ. ಲಕಿ ಆಡುವ ಎಷ್ಟೋ ಜನ ತಮ್ಮನ್ನು ಲೂರರೆಂದೇ ಹೇಳಿಕೊಳ್ಳುತ್ತಾರೆ, ನಿಜ. ಆದರೆ ಮಾತು ಕುರ್ದಿಷಿಗೆ ಹತ್ತಿರ. ಆ ಪಾಠ ಬಿಟ್ಟುಬಿಡಿ.

ಮಳೆಗಾಲದಲ್ಲಿ ಘಟ್ಟದ ಮೇಲೆ ನೆಟ್‌ವರ್ಕ್ ನೆಚ್ಚಿಕೊಳ್ಳುವಂತಿಲ್ಲ. ಆಡಿಯೊ ಮೊದಲೇ ಇಳಿಸಿಕೊಳ್ಳಿ, ಆ ಸೌಲಭ್ಯ ಇದೆ. ಐದಕ್ಕೆ ಮೂರು ಸ್ಟಾರ್, ಮೂರೂ ಆಡಿಯೊಗೆ.