32 ಬಿಟ್ ಮಾಡೆಲ್‌ಸಿಮ್, 64 ಬಿಟ್ ಲಿನಕ್ಸ್: ದೀರ್ಘಕಾಲ ಬಳಸಿದ ಮೇಲಿನ ಮಾತು

ಡಿಜಿಟಲ್ ಸರ್ಕ್ಯೂಟ್ ವಿನ್ಯಾಸಗಳನ್ನು ಕಂಪ್ಯೂಟರಿನಲ್ಲೇ ಓಡಿಸಿ ಪರೀಕ್ಷಿಸುವ ಮಾಡೆಲ್‌ಸಿಮ್ ಸ್ಟಾರ್ಟರ್ ಎಡಿಷನ್ ಏನು ಮಾಡುತ್ತದೆ, ಅದರ 10,000 ಸಾಲಿನ ಮಿತಿ ಯಾರಿಗೆ ಸಾಕು, ಯಾರಿಗೆ ಸಾಲದು ಎಂಬುದು ಸರ್ಕ್ಯೂಟ್ ಬಣ್ಣಿಸುವ ಭಾಷೆಗಳಾದ (ಎಚ್‌ಡಿಎಲ್) ವೆರಿಲಾಗ್ ಅಥವಾ ವಿಎಚ್‌ಡಿಎಲ್ ಬರೆದವರಿಗೆಲ್ಲ ಗೊತ್ತೇ ಇದೆ. ಅದನ್ನು ಇಲ್ಲಿ ಬಿಡುತ್ತೇನೆ. ಇಲ್ಲಿರುವ ಪ್ರಶ್ನೆ ಒಂದೇ. ಚಿಪ್ ವಿನ್ಯಾಸದ ತಂತ್ರಾಂಶ ಕ್ವಾರ್ಟಸ್ 20.1ರ ಜೊತೆ ಬಂದ, ಸಂಪೂರ್ಣ 32 ಬಿಟ್ ಆಗಿರುವ ಈ ಸಿಮ್ಯುಲೇಟರನ್ನು 6.x ಕರ್ನಲ್ (ವ್ಯವಸ್ಥೆಯ ತಿರುಳು) ಇರುವ ಇಂದಿನ 64 ಬಿಟ್ ಲಿನಕ್ಸ್‌ನಲ್ಲಿ ದಿನವೂ ನೆಚ್ಚಿಕೊಂಡು ಕೆಲಸ ಮಾಡಬಹುದೇ? ಮಾಡಬಹುದು. ಆದರೆ ಇನ್‌ಸ್ಟಾಲ್ ಮಾಡಿದ ಕೂಡಲೇ ಓಡುವುದಿಲ್ಲ. ಓಡದಿದ್ದಾಗ ಬಹಳ ಜನ ಹೊಸ ಕರ್ನಲ್ಲನ್ನು ದೂರುತ್ತಾರೆ, ಹಳೆಯ ಉಬುಂಟು ಹಾಕಿ ಕೂರುತ್ತಾರೆ. ಈ ದೂರು ಅನ್ಯಾಯದ್ದು. ಇಷ್ಟು ಕಾಲದಲ್ಲಿ ಕರ್ನಲ್ ಒಂದು ಸಲವೂ ಈ ತಂತ್ರಾಂಶದ ಕೈಬಿಟ್ಟಿಲ್ಲ. ಕೈಬಿಟ್ಟದ್ದು ಅದರ ಸುತ್ತಲಿನ ಲೈಬ್ರರಿಗಳು, ಮತ್ತು ಅದರದೇ ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್.

ಮೊದಲು ಆ ಸ್ಕ್ರಿಪ್ಟನ್ನೇ ನೋಡೋಣ. ಬಿನ್ ಫೋಲ್ಡರಿನ ವಿಸಿಮ್ (ಸಿಮ್ಯುಲೇಶನ್ ಓಡಿಸುವುದು), ವಿಲಾಗ್, ವಿಕಾಮ್ (ವೆರಿಲಾಗ್, ವಿಎಚ್‌ಡಿಎಲ್ ಕಂಪೈಲ್ ಮಾಡುವವು) ಎಲ್ಲವೂ ನಿಜವಾದ ಬೈನರಿಗಳಲ್ಲ, ವಿಸಿಓ ಎಂಬ ಒಂದೇ ಸ್ಕ್ರಿಪ್ಟಿಗೆ ಹೋಗುವ ಕೊಂಡಿಗಳು. ಆ ಸ್ಕ್ರಿಪ್ಟು ಕರ್ನಲ್ ಆವೃತ್ತಿಯನ್ನು ಕೇಳಿ, ಉತ್ತರಕ್ಕೆ ತಕ್ಕ ಫೋಲ್ಡರಿನಿಂದ ಬೈನರಿ ಎತ್ತಿಕೊಳ್ಳುತ್ತದೆ. 2.4ರ ಕೊನೆಯವು, 2.6, 3.x ಎಲ್ಲಕ್ಕೂ ಅದರಲ್ಲಿ ಸಾಲುಗಳಿವೆ. 4ರಿಂದ ಮುಂದಕ್ಕೆ ಸಾಲಿಲ್ಲ. ಹಾಗಾಗಿ 2015ರ ಏಪ್ರಿಲ್‌ನಲ್ಲಿ ಕರ್ನಲ್ 4.0 ಬಂದಂದಿನಿಂದ ಪ್ರತಿ ಹೊಸ ಕರ್ನಲ್ಲೂ ಕೊನೆಯ ‘ಉಳಿದದ್ದೆಲ್ಲ’ ಸಾಲಿಗೆ ಬೀಳುತ್ತದೆ. ಆ ಸಾಲು ಲಿನಕ್ಸ್_ಆರ್‌ಎಚ್60 ಎಂಬ ಫೋಲ್ಡರನ್ನು ಹುಡುಕುತ್ತದೆ. ಅಂಥ ಫೋಲ್ಡರೇ ಇಲ್ಲ. ‘ವಿಸಿಮ್ ಸಿಗಲಿಲ್ಲ’ ಎಂದು ಹೇಳಿ ನಿಂತುಬಿಡುತ್ತದೆ. ಅಂದರೆ 6.12 ಕರ್ನಲ್ಲನ್ನು ಅದು ಪುರಾತನ ಲಿನಕ್ಸ್ ಎಂದು ತಿಳಿದಿದೆ.

ಸರಿಪಡಿಸಲು ಮೂರು ದಾರಿಗಳಿವೆ. ವಿಸಿಓ ಕಡತಕ್ಕೆ ಬರೆಯುವ ಅನುಮತಿ ಕೊಟ್ಟು, ಅದರಲ್ಲಿ ಆರ್‌ಎಚ್60 ಎಂದು ಹುಡುಕಿ, ಆ ಹೆಸರನ್ನು ಬರೀ ಲಿನಕ್ಸ್ ಎಂದು ಬದಲಿಸುವುದು ಎಲ್ಲರೂ ಹೇಳುವ ದಾರಿ. ಸಾಲಿನ ಸಂಖ್ಯೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದರಿಂದ ಸಂಖ್ಯೆ ನಂಬಿ ತಿದ್ದಬೇಡಿ, ಹೆಸರು ಹುಡುಕಿ ತಿದ್ದಿ. ಎರಡನೆಯದು, 3.x ಸಾಲಿನ ಕೆಳಗೆ 4ರಿಂದ 9ರವರೆಗಿನ ಆವೃತ್ತಿಗಳಿಗೆ ಅಂಥದೇ ಇನ್ನೊಂದು ಸಾಲು ಸೇರಿಸುವುದು. ಇದು ಹೆಚ್ಚು ಅಚ್ಚುಕಟ್ಟು. ಇದರ ಜೊತೆಗೆ ಎಂಟಿಐ_ವಿಸಿಓ_ಮೋಡ್ ಎಂಬ ಪರಿಸರ ಚರವನ್ನು 32 ಎಂದು ಇಟ್ಟರೆ, ಸ್ಟಾರ್ಟರ್ ಎಡಿಷನ್‌ನಲ್ಲಿ ಇಲ್ಲದ 64 ಬಿಟ್ ಫೋಲ್ಡರನ್ನು ಹುಡುಕುವ ಸಮಸ್ಯೆಯೂ ತಪ್ಪುತ್ತದೆ.

ಮೂರನೆಯ ದಾರಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಇದಕ್ಕೆ ಕಡತ ಮುಟ್ಟಬೇಕಾಗಿಲ್ಲ. ಕರ್ನಲ್‌ನಲ್ಲಿ ಪ್ರತಿ ಪ್ರಕ್ರಿಯೆಗೂ ‘ಪರ್ಸನ್ಯಾಲಿಟಿ’ ಎಂಬ ಗುಣವಿದೆ. ಸೆಟ್‌ಆರ್ಚ್ ಎಂಬ ಆಜ್ಞೆ ಅದನ್ನು ಬದಲಿಸುತ್ತದೆ. ಸೆಟ್‌ಆರ್ಚ್‌ಗೆ ಐ386 (32 ಬಿಟ್ ಪಿಸಿಯ ಹೆಸರು) ಎಂದು ಕೊಟ್ಟರೆ, ಆ ಪ್ರಕ್ರಿಯೆಗೂ ಅದರ ಮಕ್ಕಳಿಗೂ ಯಂತ್ರದ ಹೆಸರು ಐ686 ಎಂದು ಕಾಣುತ್ತದೆ. ಜೊತೆಗೆ ಯುನೇಮ್-2.6 ಆಯ್ಕೆ ಹಾಕಿದರೆ ಕರ್ನಲ್ ತನ್ನ ಆವೃತ್ತಿಯನ್ನೇ 2.6 ಸರಣಿಯದೆಂದು ಹೇಳುತ್ತದೆ. ಈಗಿನ ಕರ್ನಲ್‌ಗಳಲ್ಲಿ ಎರಡನೆಯ ಅಂಕಿಗೆ 60 ಕೂಡಿಸಿ ತೋರಿಸುತ್ತದೆ, ಹಾಗಾಗಿ 6.12 ಎಂಬುದು 2.6.72 ಆಗಿ ಕಾಣುತ್ತದೆ. ವಿಸಿಓ ಸ್ಕ್ರಿಪ್ಟಿನ 2.6ರ ಸಾಲಿಗೆ ಅದು ಸರಿಯಾಗಿ ಹೊಂದುತ್ತದೆ, ಸಿಮ್ಯುಲೇಟರ್ ಎದ್ದು ನಿಲ್ಲುತ್ತದೆ. 2011ರಲ್ಲಿ 2.6 ಮುಗಿದು 3.0 ಬಂದಾಗ ಇಂಥ ತಂತ್ರಾಂಶಗಳು ಮುಗ್ಗರಿಸುತ್ತವೆಂದೇ ಈ ಸೌಲಭ್ಯ ಸೇರಿಸಿದರು, ಇವತ್ತಿಗೂ ತೆಗೆದಿಲ್ಲ. ಹಳೆಯ ಪ್ರೋಗ್ರಾಂ ಮಾಡಿಕೊಂಡ ತಪ್ಪು ಊಹೆಗೂ ಕರ್ನಲ್ ಬರೆಯುವವರು ಹೊಣೆ ಹೊರುತ್ತಾರಲ್ಲ, ಆ ಕಾಳಜಿ ದೊಡ್ಡದು.

ಮುಂದಿನ ತೊಡಕು ಹೊಸಬರನ್ನು ಹೆಚ್ಚು ದಾರಿ ತಪ್ಪಿಸುತ್ತದೆ. ಬೈನರಿ ಕಣ್ಣೆದುರಿಗೇ ಇದ್ದರೂ ‘ಅಂಥ ಕಡತ ಇಲ್ಲ’ ಎಂಬ ದೋಷ ಬರುತ್ತದೆ. ಇಲ್ಲದಿರುವುದು ಆ ಬೈನರಿ ಅಲ್ಲ, ಅದನ್ನು ಎತ್ತಿ ಮೆಮೊರಿಗೆ ಇಳಿಸಬೇಕಾದ 32 ಬಿಟ್ ಲೋಡರ್, ಅಂದರೆ ಲಿಬ್ ಫೋಲ್ಡರಿನಲ್ಲಿರಬೇಕಾದ ಎಲ್‌ಡಿ-ಲಿನಕ್ಸ್ ಕಡತ. ರೀಡ್‌ಎಲ್ಫ್ ಬಳಸಿ ಬೈನರಿಯ ‘ಇಂಟರ್‌ಪ್ರಿಟರ್’ ಸಾಲು ನೋಡಿದರೆ ಅದು ಯಾವ ಲೋಡರ್ ಕೇಳುತ್ತಿದೆ ಎಂದು ಗೊತ್ತಾಗುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಡಿಪಿಕೆಜಿಗೆ ಐ386 ಆರ್ಕಿಟೆಕ್ಚರ್ ಸೇರಿಸಿ, ಆಪ್ಟ್ ಪಟ್ಟಿ ನವೀಕರಿಸಿ, ಲಿಬ್‌ಸಿ6ರ ಐ386 ಪ್ಯಾಕೇಜ್ ಹಾಕಿದರೆ ಸಾಕು. ಇದೇ ಜಾಗದಲ್ಲಿ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಬಂದರೆ ಮಾತ್ರ ಕರ್ನಲ್ ಕಡೆ ತಿರುಗಿ ನೋಡಿ. ಆಗ 32 ಬಿಟ್ ಬೆಂಬಲವೇ ಆರಿಸಲ್ಪಟ್ಟಿದೆ ಎಂದರ್ಥ. 6.7ರಿಂದ ಈ ಬೆಂಬಲವನ್ನು ಬೂಟ್ ಸಮಯದಲ್ಲೇ ಆರಿಸುವ, ಹೊತ್ತಿಸುವ ಸೌಲಭ್ಯವಿದೆ, ಭದ್ರತೆಯ ಕಾರಣಕ್ಕೆ ಅದನ್ನು ಆರಿಸಿಯೇ ಕರ್ನಲ್ ಕಟ್ಟಲೂಬಹುದು. ಗ್ರಬ್‌ನ ಕರ್ನಲ್ ಸಾಲಿಗೆ ಐಎ32_ಎಮ್ಯುಲೇಶನ್=1 ಎಂದು ಸೇರಿಸಿದರೆ ಮರಳಿ ಬರುತ್ತದೆ. ಈ ಎರಡು ದೋಷಗಳ ವ್ಯತ್ಯಾಸ ತಿಳಿದರೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.

ಐ386 ಪ್ಯಾಕೇಜುಗಳಲ್ಲಿ ಬೇಕಾದವು: ಲಿಬ್‌ಸಿ6, ಲಿಬ್‌ಎಸ್‌ಟಿಡಿಸಿ++6, ಲಿಬ್‌ಎಕ್ಸ್‌ಇಎಕ್ಸ್‌ಟಿ6, ಲಿಬ್‌ಎಕ್ಸ್‌ಎಫ್‌ಟಿ2 ಮತ್ತು ಟರ್ಮಿನಲ್ ಪರದೆ ನಿಭಾಯಿಸುವ ಎನ್‌ಕರ್ಸಸ್‌ನ 5ನೇ ಆವೃತ್ತಿ. ಮೊದಲ ನಾಲ್ಕು ಸಲೀಸು. ಕೊನೆಯದು ಡೆಬಿಯನ್ 12ರವರೆಗೆ ಸಿಗುತ್ತದೆ. ಉಬುಂಟು 24.04 ಮತ್ತು ಡೆಬಿಯನ್ 13ರಲ್ಲಿ ಇಲ್ಲ. 6ನೇ ಆವೃತ್ತಿಗೆ 5ರ ಹೆಸರಿನ ಕೊಂಡಿ ಹಾಕುವ ಸಲಹೆ ಅಲ್ಲಲ್ಲಿ ಕಾಣುತ್ತದೆ, ಮಾಡಬೇಡಿ. ಎರಡರ ಎಬಿಐ (ಬೈನರಿ ಮಟ್ಟದ ಹೊಂದಾಣಿಕೆಯ ನಿಯಮ) ಬೇರೆ, ತೊಂದರೆ ಯಾವಾಗ ಎದುರಾಗುತ್ತದೆಂದು ಹೇಳಲಾಗದು. ಡೆಬಿಯನ್ 12ರ ಐ386 ಡೆಬ್ ಕಡತಗಳನ್ನು, ಅಂದರೆ ಲಿಬ್‌ಎನ್‌ಕರ್ಸಸ್5 ಮತ್ತು ಲಿಬ್‌ಟಿಇನ್ಫೋ5, ಇಳಿಸಿಕೊಂಡು, ಇನ್‌ಸ್ಟಾಲ್ ಮಾಡದೆ, ಡಿಪಿಕೆಜಿ-ಡೆಬ್‌ನಿಂದ ಬರೀ ಬಿಚ್ಚಿ, ಮಾಡೆಲ್‌ಸಿಮ್ ಫೋಲ್ಡರಿನೊಳಗೆ ಲಿಬ್32 ಎಂಬ ಹೊಸ ಫೋಲ್ಡರಿಗೆ ನಕಲಿಸಿ. ಹಳೆಯ ಗ್ಲಿಬ್‌ಸಿ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) ಮೇಲೆ ಕಟ್ಟಿದ ಲೈಬ್ರರಿ ಹೊಸದರ ಮೇಲೆ ಓಡುತ್ತದೆ, ತಿರುಗಾಮುರುಗಾ ಆಗುವುದಿಲ್ಲ.

ಈಗ ಅಸಲಿ ತಲೆನೋವಿಗೆ ಬರೋಣ. ಎಲ್ಲ ಲೈಬ್ರರಿ ಸಿಕ್ಕ ಮೇಲೂ ಕಿಟಕಿ ತೆರೆಯುವುದಿಲ್ಲ. ‘ವಿಎಲ್‌ಎಂ ಪ್ರಕ್ರಿಯೆಯಲ್ಲಿ ಓದುವ ವೈಫಲ್ಯ (0,0)’ ಎಂಬ ಅರ್ಥದ ಇಂಗ್ಲಿಷ್ ಸಾಲು ಬಂದು, ಸೆಗ್ಮೆಂಟೇಶನ್ ಫಾಲ್ಟ್ ಆಗಿ ಕುಸಿಯುತ್ತದೆ. ಈ ಸಂದೇಶ ನೋಡಿ ಲೈಸೆನ್ಸ್ ತೊಂದರೆ, ಮೆಮೊರಿ ತೊಂದರೆ, ಕರ್ನಲ್ ತೊಂದರೆ ಎಂದೆಲ್ಲ ಹುಡುಕಬಹುದು. ಕಾರಣ ಅಕ್ಷರ ಬರೆಯುವ ಫ್ರೀಟೈಪ್ ಲೈಬ್ರರಿ. 2.5 ಮತ್ತು ಅದರ ನಂತರದ ಫ್ರೀಟೈಪ್ ಜೊತೆ ಈ ಸಿಮ್ಯುಲೇಟರಿನ ಕಿಟಕಿಗೆ ಹೊಂದುವುದಿಲ್ಲ, 2.4.12 ಬೇಕು. ಅದರ ಸೋರ್ಸ್ ಇಳಿಸಿಕೊಂಡು, ಜಿಸಿಸಿ-ಮಲ್ಟಿಲಿಬ್ ಹಾಕಿ, ಕಾನ್ಫಿಗರ್‌ಗೆ ಬಿಲ್ಡ್ ಗುರಿ ಐ686 ಎಂದು ಹೇಳಿ, ಸಿಫ್ಲ್ಯಾಗ್ಸ್ ಮತ್ತು ಎಲ್‌ಡಿಫ್ಲ್ಯಾಗ್ಸ್ ಎರಡರಲ್ಲೂ ಎಂ32 (32 ಬಿಟ್ ಆಗಿ ಕಟ್ಟು ಎನ್ನುವ ಆಯ್ಕೆ) ಕೊಟ್ಟು ಮೇಕ್ ಮಾಡಬೇಕು. ಎಲ್‌ಡಿಫ್ಲ್ಯಾಗ್ಸ್‌ನಲ್ಲಿ ಮರೆತರೆ ಲಿಂಕ್ ಹಂತದಲ್ಲಿ ನಿಲ್ಲುತ್ತದೆ. ಆಬ್ಜ್ಸ್ ಫೋಲ್ಡರಿನೊಳಗಿನ ಮರೆಯಾಗಿರುವ ಲಿಬ್ಸ್ ಫೋಲ್ಡರಿನಿಂದ ಲಿಬ್‌ಫ್ರೀಟೈಪ್ ಹೆಸರಿನ ಎಲ್ಲವನ್ನೂ ಲಿಬ್32ಗೆ ನಕಲಿಸಿ. ಮೇಕ್ ಇನ್‌ಸ್ಟಾಲ್ ಮಾಡಬೇಡಿ, ಇಡೀ ವ್ಯವಸ್ಥೆಯ ಹಾದಿಗೆ ಹಳೆಯ ಫ್ರೀಟೈಪ್ ಹೋಗಬಾರದು.

ಇಲ್ಲಿಗೂ ಮುಗಿಯುವುದಿಲ್ಲ. ಫಾಂಟ್ ಹುಡುಕಿಕೊಡುವ ಲೈಬ್ರರಿಯಾದ ಹೊಸ ಫಾಂಟ್‌ಕಾನ್ಫಿಗ್ ಹಳೆಯ ಫ್ರೀಟೈಪ್‌ನಲ್ಲಿಲ್ಲದ ಫಂಕ್ಷನ್ನುಗಳನ್ನು ಕೇಳುತ್ತದೆ. ‘ಎಫ್‌ಟಿ_ಡನ್_ಎಂಎಂ_ವಾರ್ ಸಿಂಬಲ್ ಇಲ್ಲ’ ಎಂಬ ದೋಷ ಬಂದರೆ ಇದೇ ಕಾರಣ. ಆದ್ದರಿಂದ ಫಾಂಟ್‌ಕಾನ್ಫಿಗ್ 2.12.4 ಅನ್ನೂ 32 ಬಿಟ್ ಆಗಿ ಕಟ್ಟಿ ಅದೇ ಲಿಬ್32ಗೆ ಸೇರಿಸಬೇಕು. ಇವೆರಡೂ ಜೋಡಿ, ಒಂದನ್ನು ಹಾಕಿ ಇನ್ನೊಂದನ್ನು ಬಿಟ್ಟರೆ ನಡೆಯದು. ಹಳೆಯ ಫಾಂಟ್‌ಕಾನ್ಫಿಗ್ ವ್ಯವಸ್ಥೆಯ ಹೊಸ ಸೆಟ್ಟಿಂಗ್ ಕಡತ ಓದುವಾಗ ತನಗೆ ಗೊತ್ತಿಲ್ಲದ ಪದಗಳಿವೆ ಎಂದು ಕೆಲವು ಎಚ್ಚರಿಕೆ ಸಾಲು ಕಾರುತ್ತದೆ, ಅದರಿಂದ ತೊಂದರೆಯಿಲ್ಲ. ಕೊನೆಗೆ ಎಲ್‌ಡಿ_ಲೈಬ್ರರಿ_ಪಾತ್ ಚರವನ್ನು ವಿಸಿಓ ಸ್ಕ್ರಿಪ್ಟಿನೊಳಗೇ ಲಿಬ್32 ಕಡೆ ತಿರುಗಿಸಿ. ಬ್ಯಾಶ್‌ಆರ್‌ಸಿಯಲ್ಲಿ ಇಟ್ಟರೆ ಬೇರೆ ಯಾವ 32 ಬಿಟ್ ಪ್ರೋಗ್ರಾಂ ಓಡಿಸಿದರೂ ಅದಕ್ಕೂ ಈ ಹಳೆಯ ಅಕ್ಷರ ಲೈಬ್ರರಿಯೇ ಗಂಟುಬೀಳುತ್ತದೆ.

ಒಂದು ಸಿಮ್ಯುಲೇಟರಿನ ಕಿಟಕಿ ತೆರೆಯಲು ಎರಡು ಲೈಬ್ರರಿ ಕೈಯಾರೆ ಕಟ್ಟಬೇಕೆಂದರೆ ಸಿಟ್ಟು ಬರುವುದು ಸಹಜ. ಇಲ್ಲಿಗೇ ನಿಲ್ಲಿಸಿದ್ದರೆ ಐದಕ್ಕೆ ಎರಡು ಅಂಕವಷ್ಟೇ ಕೊಡುತ್ತಿದ್ದೆ. ಆದರೆ ಕಿಟಕಿಯನ್ನೇ ಬಿಟ್ಟು, ಸಿ ಆಯ್ಕೆ ಹಾಕಿ ವಿಸಿಮ್ ಅನ್ನು ಟರ್ಮಿನಲ್‌ನಲ್ಲೇ ಓಡಿಸಿದಾಗ ಚಿತ್ರ ಬದಲಾಗುತ್ತದೆ. ಅಕ್ಷರ ಬಿಡಿಸುವ ಕೆಲಸವೇ ಇಲ್ಲದ ಕಾರಣ ಫ್ರೀಟೈಪ್ ರಗಳೆಯೇ ಇಲ್ಲ. (ಎಕ್ಸ್ ಲೈಬ್ರರಿಗಳು ಡಿಸ್ಕಿನಲ್ಲಿ ಇರಬೇಕು, ಇಲ್ಲದಿದ್ದರೆ ಲೋಡರ್ ಮೊದಲೇ ತಡೆಯುತ್ತದೆ.) ಹಾಗಾಗಿ ದಿನದ ಕೆಲಸಕ್ಕೆ ಒಂದು ಹಿತವಾದ ಲಯ ಸಿಗುತ್ತದೆ. ಹೊಸ ಫೋಲ್ಡರಿನಲ್ಲಿ ಒಮ್ಮೆ ವಿಲಿಬ್ ವರ್ಕ್ (ಕಂಪೈಲ್ ಆದದ್ದನ್ನು ಇಡುವ ಜಾಗ ಸೃಷ್ಟಿಸಲು). ಆಮೇಲೆ ಕಡತ ಉಳಿಸಿದಾಗೆಲ್ಲ ವಿಲಾಗ್, ದೋಷವಿದ್ದರೆ ಸಾಲು ಸಂಖ್ಯೆ ಸಮೇತ ತಕ್ಷಣ ಬರುತ್ತದೆ. ನಂತರ ವಿಸಿಮ್‌ಗೆ ಆಜ್ಞೆಗಳ ಪಟ್ಟಿಯಾದ ಒಂದು ಚಿಕ್ಕ ಡೂ ಕಡತ: ವಿಸಿಡಿ (ಸಿಗ್ನಲ್‌ಗಳ ಏರಿಳಿತ ದಾಖಲಿಸುವ) ಕಡತದ ಹೆಸರು, ಟೆಸ್ಟ್‌ಬೆಂಚಿನ (ವಿನ್ಯಾಸವನ್ನು ಪರೀಕ್ಷಿಸುವ ಕೋಡ್) ಎಲ್ಲ ಸಿಗ್ನಲ್‌ಗಳನ್ನು ಸೇರಿಸುವ ಸಾಲು, ರನ್ ಆಲ್, ಕ್ವಿಟ್ ಎಫ್. ಅಷ್ಟೇ. ಹುಟ್ಟಿದ ವಿಸಿಡಿ ಕಡತವನ್ನು 64 ಬಿಟ್‌ನ ಜಿಟಿಕೆವೇವ್‌ನಲ್ಲಿ ತೆರೆದಿಟ್ಟು, ಪ್ರತಿ ಸಲ ಓಡಿಸಿದ ಮೇಲೆ ಕಂಟ್ರೋಲ್, ಶಿಫ್ಟ್, ಆರ್ ಒತ್ತಿದರೆ ಅಲೆಗಳು ಇದ್ದ ಜಾಗದಲ್ಲೇ ಹೊಸದಾಗುತ್ತವೆ. ಹಳೆಯ 32 ಬಿಟ್ ಸಿಮ್ಯುಲೇಟರೂ ಹೊಸ 64 ಬಿಟ್ ವೀಕ್ಷಕವೂ ಒಂದೇ ಕರ್ನಲ್ ಮೇಲೆ, ನಡುವೆ ಬರೀ ಒಂದು ಪಠ್ಯ ಕಡತ. ಈ ಜೋಡಣೆಯೇ ನನಗೆ ಅತಿ ಇಷ್ಟ. ಇದೊಂದಕ್ಕೇ ನಾಲ್ಕು ಅಂಕ.

64 ಬಿಟ್ ಕರ್ನಲ್‌ನಿಂದ ಕೇಳದೇ ಸಿಗುವ ಲಾಭ ಇನ್ನೊಂದು. 32 ಬಿಟ್ ಕರ್ನಲ್‌ನಲ್ಲಿ ಸಾಮಾನ್ಯವಾಗಿ ಪ್ರಕ್ರಿಯೆಗೆ 3 ಜಿಬಿ ವಿಳಾಸ ಜಾಗ, ಉಳಿದ 1 ಜಿಬಿ ಕರ್ನಲ್ಲಿನದು. 64 ಬಿಟ್ ಕರ್ನಲ್‌ಗೆ ಆ ಜಾಗ ಬೇಡ, ಆದ್ದರಿಂದ ಅದೇ ಹಳೆಯ ಬೈನರಿಗೆ ಹೆಚ್ಚುಕಡಿಮೆ ಪೂರ್ತಿ 4 ಜಿಬಿ ಸಿಗುತ್ತದೆ. ದೊಡ್ಡ ಮೆಮೊರಿ ಮಾದರಿಗಳಿರುವ ಟೆಸ್ಟ್‌ಬೆಂಚುಗಳಲ್ಲಿ ಈ ವ್ಯತ್ಯಾಸಕ್ಕೆ ಬೆಲೆಯಿದೆ.

ಸಿ ಭಾಷೆಯಲ್ಲಿ ಮಾದರಿ ಬರೆದು ಡಿಪಿಐ (ಸಿ ಕೋಡನ್ನು ಸಿಮ್ಯುಲೇಟರಿಗೆ ಬೆಸೆಯುವ ವಿಧಾನ) ಮೂಲಕ ಜೋಡಿಸುವವರು ಒಂದು ನೆನಪಿಡಬೇಕು. ಆ ಲೈಬ್ರರಿಯನ್ನೂ ಎಂ32 ಹಾಕಿಯೇ ಕಟ್ಟಬೇಕು. ಇಲ್ಲದಿದ್ದರೆ ‘ರಾಂಗ್ ಎಲ್ಫ್ ಕ್ಲಾಸ್: ಎಲ್ಫ್‌ಕ್ಲಾಸ್64’ ಎಂದು ನಿಲ್ಲುತ್ತದೆ. ಸಿ ಕಡೆಯ ‘ಲಾಂಗ್’ ಇಲ್ಲಿ 4 ಬೈಟ್, 64 ಬಿಟ್‌ನಲ್ಲಿ 8 ಬೈಟ್. ಇಂಟ್32_ಟಿ, ಇಂಟ್64_ಟಿ ಎಂದೇ ಬರೆದರೆ ಒಂದೇ ಮಾದರಿ ಮುಂದೆ ಬೇರೆ ಸಿಮ್ಯುಲೇಟರಿಗೂ ಹೋಗುತ್ತದೆ. ಎಕ್ಸ್‌ಎಫ್‌ಎಸ್ ಕಡತ ವ್ಯವಸ್ಥೆ ಇರುವ ದೊಡ್ಡ ಡಿಸ್ಕುಗಳ ಮೇಲೆ ಐನೋಡ್ ಸಂಖ್ಯೆ (ಪ್ರತಿ ಕಡತದ ಒಳಗುರುತು) 32 ಬಿಟ್ ದಾಟುತ್ತದೆ. ದೊಡ್ಡ ಕಡತದ ಬೆಂಬಲವಿಲ್ಲದೆ ಕಟ್ಟಿದ ಹಳೆಯ ಪ್ರೋಗ್ರಾಂಗಳು ಅಲ್ಲಿ ಕಡತದ ವಿವರ ಕೇಳಿದಾಗ ‘ಮೌಲ್ಯ ತೀರಾ ದೊಡ್ಡದು’ ಎಂಬ ದೋಷ ಪಡೆಯುತ್ತವೆ. ಇಎಕ್ಸ್‌ಟಿ4 ಮೇಲೆ ಈ ತೊಂದರೆ ಇಲ್ಲ. ಹಳೆಯ ಉಪಕರಣಗಳ ಪ್ರಾಜೆಕ್ಟುಗಳನ್ನು ಅದರ ಮೇಲೆಯೇ ಇಡಿ.

ಬೇಕಾದ ಲೈಬ್ರರಿಗಳನ್ನೆಲ್ಲ ಪ್ರತ್ಯೇಕವಾಗಿ ಕಟ್ಟಿಡುವ ಕಂಟೇನರ್ ಬಳಸಿದರೆ ಎಲ್ಲ ಸರಿಹೋಗುತ್ತದೆಯೇ? ಅರ್ಧ ಸರಿಹೋಗುತ್ತದೆ. ಡೆಬಿಯನ್ 11 ಅಥವಾ 12ರ ಚಿತ್ರದೊಳಗೆ ಎನ್‌ಕರ್ಸಸ್ 5, ನಿಮ್ಮ ಫ್ರೀಟೈಪ್ ಜೋಡಿ ಎಲ್ಲ ಇಟ್ಟುಬಿಟ್ಟರೆ ಹೊರಗಿನ ವ್ಯವಸ್ಥೆ ಎಷ್ಟು ಅಪ್‌ಗ್ರೇಡ್ ಆದರೂ ಒಳಗಿನದು ಕದಲದು. ಹತ್ತಾರು ಯಂತ್ರಗಳಿರುವ ಇಂಜಿನಿಯರಿಂಗ್ ಕಾಲೇಜಿನ ಎಚ್‌ಡಿಎಲ್ ಲ್ಯಾಬ್‌ಗೆ ನಾನು ಸೂಚಿಸುವುದು ಇದನ್ನೇ. ಒಂದು ಯಂತ್ರದಲ್ಲಿ ಕಟ್ಟಿ, ಉಳಿದವಕ್ಕೆ ನಕಲಿಸಬಹುದು. ಆದರೆ ಕಂಟೇನರಿಗೆ ಸ್ವಂತ ಕರ್ನಲ್ ಇಲ್ಲ. ಒಳಗಿಂದ ಕೇಳಿದರೂ ಆವೃತ್ತಿ 6.12 ಎಂದೇ ಬರುತ್ತದೆ, ವಿಸಿಓ ಅಲ್ಲೂ ಮುಗ್ಗರಿಸುತ್ತದೆ. ಹೊರಗೆ 32 ಬಿಟ್ ಬೆಂಬಲ ಆರಿಸಿದ್ದರೆ ಒಳಗೂ ಇಲ್ಲ. ಸ್ಕ್ರಿಪ್ಟಿನ ತಿದ್ದುಪಡಿ, ಇಲ್ಲವೇ ಸೆಟ್‌ಆರ್ಚ್, ಕಂಟೇನರಿನೊಳಗೂ ಬೇಕೇ ಬೇಕು.

ಮಲ್ಟಿಆರ್ಚ್‌ನಲ್ಲಿ, ಅಂದರೆ 64 ಮತ್ತು 32 ಬಿಟ್ ಪ್ಯಾಕೇಜುಗಳನ್ನು ಒಟ್ಟಿಗೆ ಇಟ್ಟುಕೊಂಡಾಗ, ದಿನವೂ ಕಾಡಬಹುದಾದ ಒಂದು ಸಂಗತಿ ಇದೆ: 64 ಮತ್ತು 32 ಬಿಟ್‌ನ ಒಂದೇ ಲೈಬ್ರರಿ ಎರಡೂ ಕಡೆ ಒಂದೇ ಆವೃತ್ತಿಯಲ್ಲಿರಬೇಕು. ಮಿರರ್‌ನಲ್ಲಿ ಒಂದು ಮೊದಲು ಬಂದು ಇನ್ನೊಂದು ತಡವಾದರೆ ಆಪ್ಟ್ ಅಪ್‌ಗ್ರೇಡ್ ತಡೆಹಿಡಿಯುತ್ತದೆ, ಇಲ್ಲವೇ ಐ386 ಪ್ಯಾಕೇಜ್ ತೆಗೆಯುತ್ತೇನೆ ಎನ್ನುತ್ತದೆ. ಆ ಪಟ್ಟಿಯನ್ನು ಓದದೆ ‘ವೈ’ (ಹೌದು) ಒತ್ತಬೇಡಿ. ಕೆಲವು ಗಂಟೆ ಬಿಟ್ಟು ಮತ್ತೆ ಪ್ರಯತ್ನಿಸಿ.

ಎಷ್ಟು ಕಾಲ ನಡೆಯಬಹುದು? 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಐ386ಗೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. 64 ಬಿಟ್ ಯಂತ್ರದ ಮೇಲೆ ಹಳೆಯ ಬೈನರಿ ಓಡಿಸಲೆಂದೇ ಆ ಪ್ಯಾಕೇಜುಗಳು ಉಳಿದಿವೆ. ಬೇರೆ 32 ಬಿಟ್ ಆರ್ಕಿಟೆಕ್ಚರುಗಳಲ್ಲಿ ಸಮಯದ ಎಣಿಕೆಯನ್ನು 64 ಬಿಟ್‌ಗೆ ಬದಲಿಸಿದರೂ ಐ386ರಲ್ಲಿ ಹಳೆಯದನ್ನೇ ಉಳಿಸಿದ್ದಾರೆ, ಬದಲಿಸಿದರೆ ಇಂಥ ಬೈನರಿಗಳು ಓಡುವುದಿಲ್ಲ ಎಂಬ ಕಾರಣಕ್ಕೆ. ಅದರ ಬೆಲೆ 32 ಬಿಟ್‌ನ ಎಣಿಕೆ ತುಂಬಿಹೋಗುವ 2038ರ ಜನವರಿ 19ರಂದು, ನಮ್ಮ ಸಮಯ ಬೆಳಗ್ಗೆ 8 ಗಂಟೆ 44 ನಿಮಿಷಕ್ಕೆ ತೆರಬೇಕಾಗುತ್ತದೆ. ಮ್ಯಾಕ್‌ಓಎಸ್ 2019ರ ಕ್ಯಾಟಲಿನಾದಲ್ಲೇ 32 ಬಿಟ್ ಪ್ರೋಗ್ರಾಂಗಳನ್ನು ಪೂರ್ತಿ ಕೈಬಿಟ್ಟಿತ್ತು. ಅದಕ್ಕೆ ಹೋಲಿಸಿದರೆ ನಮಗೆ ಸಿಕ್ಕಿರುವ ಕಾಲಾವಕಾಶ ಕಡಿಮೆಯೇನಲ್ಲ.

ಹೊಸದಾಗಿ ಶುರು ಮಾಡುವವರಿಗೆ, ಬರೀ ವೆರಿಲಾಗ್ ಸಾಕಿದ್ದರೆ ಇಕಾರಸ್ ಅಥವಾ ವೆರಿಲೇಟರ್, ವಿಎಚ್‌ಡಿಎಲ್ ಇದ್ದರೆ ಜಿಎಚ್‌ಡಿಎಲ್ ಹಾಕಿಕೊಳ್ಳಿ. ಎಲ್ಲವೂ 64 ಬಿಟ್, ಎಲ್ಲವೂ ಉಚಿತ. ಕ್ವಾರ್ಟಸ್ 21.1ರಿಂದ ಮಾಡೆಲ್‌ಸಿಮ್ ಜಾಗಕ್ಕೆ ಬಂದ ಕ್ವೆಸ್ಟಾ ಸ್ಟಾರ್ಟರ್ ಕೂಡ 64 ಬಿಟ್, ಉಚಿತವೂ ಹೌದು. ಆದರೆ ನೆಟ್‌ವರ್ಕ್ ಕಾರ್ಡಿನ ಸಂಖ್ಯೆಗೆ ಕಟ್ಟಿದ ಲೈಸೆನ್ಸ್ ಕಡತ ಬೇಕು, ವರ್ಷಕ್ಕೊಮ್ಮೆ ನವೀಕರಿಸಬೇಕು. ಒಬ್ಬರ ಲ್ಯಾಪ್‌ಟಾಪಿಗೆ ಅದು ಹೊರೆಯಲ್ಲ, ಲ್ಯಾಬಿಗೆ ಹೊರೆ. ಹಳೆಯ ಡೂ ಸ್ಕ್ರಿಪ್ಟುಗಳು, ಹಳೆಯ ಬೋರ್ಡಿನ ಪ್ರಾಜೆಕ್ಟುಗಳು, ಲೈಸೆನ್ಸ್ ಕೇಳದ ಸಿಮ್ಯುಲೇಟರ್ ಬೇಕಾದವರು 20.1ರ ಇನ್‌ಸ್ಟಾಲರನ್ನೂ, ಕಟ್ಟಿದ ಲಿಬ್32 ಫೋಲ್ಡರನ್ನೂ, ತಿದ್ದಿದ ವಿಸಿಓ ಕಡತವನ್ನೂ ಒಟ್ಟಿಗೆ ಒಂದು ಟಾರ್ ಮಾಡಿ ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳಿ. ಲಿಬ್32ರ ಹಾದಿಯನ್ನು ವಿಸಿಓ ಒಳಗೆ ಪೂರ್ತಿ ವಿಳಾಸವಾಗಿ ಬರೆಯದೆ, ಸ್ಕ್ರಿಪ್ಟ್ ಇರುವ ಜಾಗದಿಂದ ಲೆಕ್ಕ ಹಾಕುವಂತೆ ಬರೆದಿದ್ದರೆ ಬಿಚ್ಚಿದ ಯಾವ ಯಂತ್ರದಲ್ಲೂ ಅದು ಹಾಗೆಯೇ ಓಡುತ್ತದೆ.