ಶಾಟ್ಸ್ ಡಬ್ಬಿ ತರುವ ಮೊದಲು ಒಮ್ಮೆ ಓದಿ

ದೀಪಾವಳಿಗೆ ಇನ್ನು ಹದಿನೈದು ದಿನವೂ ಇಲ್ಲ. ಶಿರಸಿ ಸೀಮೆಯ ಮನೆಗಳಲ್ಲಿ ಪಟಾಕಿ ಪಟ್ಟಿ ಆಗಲೇ ತಯಾರಾಗುತ್ತಿರುತ್ತದೆ. ಕಳೆದ ವರ್ಷ ನಮ್ಮ ಅಂಗಳದಲ್ಲಿ ಆದದ್ದು ಇನ್ನೊಬ್ಬರ ಮನೆಯಲ್ಲಿ ಆಗಬಾರದು ಅಂತ ಬರೆಯುತ್ತಿದ್ದೇನೆ.

ಅಕ್ಕ, ಭಾವ, ಮಕ್ಕಳು ಹಬ್ಬಕ್ಕೆ ಬರುವವರಿದ್ದರು. ಆಕಾಶದಲ್ಲಿ ಬಣ್ಣ ಚೆಲ್ಲುವ ಶಾಟ್ಸ್ ಹಾರಿಸಬೇಕು ಅಂತ ನನಗೇ ಹುರುಪು. ವಾಟ್ಸಾಪಿನಲ್ಲಿ ಒಂದು ದರಪಟ್ಟಿ ಬಂತು, ಪೇಟೆಗಿಂತ ಅರ್ಧಕ್ಕರ್ಧ ಕಡಿಮೆ. ಹೋಗಿ ನೋಡಿದರೆ ಅಂಗಡಿಯಲ್ಲ, ಒಂದು ಮನೆಯ ಒಳಕೋಣೆ. 2023ರ ಅಕ್ಟೋಬರಿನಲ್ಲಿ ಅತ್ತಿಬೆಲೆಯ ಪಟಾಕಿ ದಾಸ್ತಾನು ಹೊತ್ತಿ ಎಷ್ಟು ಹುಡುಗರು ಸತ್ತರೆಂದು ಪೇಪರಿನಲ್ಲಿ ಓದಿದವನೇ ನಾನು. ಆದರೂ ಅಲ್ಲಿಂದ ತಿರುಗಿ ಬರಲಿಲ್ಲ. ಮೂವತ್ತು ಶಾಟ್ಸಿನ ಎರಡು ಡಬ್ಬಿ ತಂದೆ. ಬುಡ ಒತ್ತಿದರೆ ರಟ್ಟು ಮೆತ್ತಗಿತ್ತು. ಹಸಿರು ಪಟಾಕಿಯ ಗುರುತಾಗಲಿ, ಕ್ಯೂಆರ್ ಕೋಡ್ ಆಗಲಿ ಇರಲಿಲ್ಲ. ಹಿಂದಿನ ವರ್ಷದ ಮಾಲು, ನಮ್ಮ ಘಟ್ಟದ ಒಂದಿಡೀ ಮಳೆಗಾಲ ಕುಡಿದದ್ದು.

ಈ ಡಬ್ಬಿಯೊಳಗೆ ಇರುವುದು ರಟ್ಟಿನ ಕೊಳವೆಗಳು, ಅಂಟು ಹಾಕಿ ಒಂದಕ್ಕೊಂದು ಜೋಡಿಸಿದ್ದು. ಪ್ರತಿ ಗುಂಡು ಮೇಲೆ ಹಾರುವಾಗ ಡಬ್ಬಿಯನ್ನು ಅಷ್ಟೇ ಜೋರಾಗಿ ಕೆಳಕ್ಕೆ ಒದೆಯುತ್ತದೆ. ನೆಲ ಮೆತ್ತಗಿದ್ದರೆ ಡಬ್ಬಿ ವಾಲುತ್ತದೆ. ಥಂಡಿ ಹಿಡಿದು ಅಂಟು ಬಿಟ್ಟಿದ್ದರೆ ಕೊಳವೆಯೇ ಓರೆಯಾಗುತ್ತದೆ. ಒಂದು ಬತ್ತಿ ಹೊತ್ತಿದರೆ ಮೂವತ್ತೂ ಮುಗಿಯುವವರೆಗೆ ನಿಲ್ಲಿಸುವ ದಾರಿಯೇ ಇಲ್ಲ. ಇದೆಲ್ಲ ನಾನು ತಿಳಿದುಕೊಂಡದ್ದು ಆಮೇಲೆ.

ನೀರು ತುಂಬುವ ಹಬ್ಬದ ರಾತ್ರಿ. ಮಧ್ಯಾಹ್ನ ಮಳೆ ಹೊಡೆದು ಅಂಗಳ ಹಸಿಯಾಗಿತ್ತು. ಡಬ್ಬಿಯನ್ನು ಹಾಗೇ ನೆಲದ ಮೇಲಿಟ್ಟು ಬತ್ತಿಗೆ ಬೆಂಕಿ ತಾಗಿಸಿದೆ. ನಾಲ್ಕು ಗುಂಡು ನೆಟ್ಟಗೆ ಹೋದವು. ಐದನೆಯದಕ್ಕೆ ಡಬ್ಬಿ ಮಗುಚಿ ಜಗಲಿಯ ಕಡೆ ಬಾಯಿ ಮಾಡಿತು. "ತಮಾ, ಒಳಗೆ ಓಡು!" ಅಂತ ಆಯಿ ಕೂಗಿದ್ದು ಕೇಳಿತು. ಒಂದು ಗುಂಡು ಅವಳ ತಲೆಯ ಮೇಲಿನ ಗೋಡೆಗೆ ಬಡಿಯಿತು, ಇನ್ನೊಂದು ಕೊಟ್ಟಿಗೆ ಪಕ್ಕದ ಒಣಸೋಗೆಗೆ. ಮತ್ತೊಂದು ಅಕ್ಕನ ಮಗನ ಕಾಲಿಗೆ. ಅವನಿಗೆ ಹನ್ನೊಂದು ವರ್ಷ. ಹಬ್ಬಕ್ಕೆಂದು ಹಾಕಿದ್ದ ಹೊಸ ನೈಲಾನ್ ಪೈಜಾಮ ಕರಗಿ ಮೀನಖಂಡಕ್ಕೆ ಅಂಟಿಕೊಂಡಿತ್ತು.

ಯಾರೋ ಟೂತ್‌ಪೇಸ್ಟ್ ತಂದರು. ಆಯಿ ಹಚ್ಚಲು ಬಿಡಲಿಲ್ಲ. ಮಾಲಿಂಗನ ಬಳ್ಳಿ ಸುತ್ತಿ ಪೂಜೆ ಮಾಡಿಟ್ಟ ಹಂಡೆಯ ತಣ್ಣೀರನ್ನೇ ತೋಡಿ ತೋಡಿ ಇಪ್ಪತ್ತು ನಿಮಿಷ ಹೊಯ್ದಳು. ಅಂಟಿದ ಬಟ್ಟೆ ಕೀಳದೇ ಹಾಗೇ ಕರೆದುಕೊಂಡು ಬಂದದ್ದು ಒಳ್ಳೆಯದಾಯಿತು, ಕಿತ್ತಿದ್ದರೆ ಚರ್ಮವೂ ಬರುತ್ತಿತ್ತು ಅಂದರು ಡಾಕ್ಟರು. ಸೋಗೆಯ ಬೆಂಕಿಯನ್ನು ಭಾವ ಬಾವಿಯ ನೀರು ಹೊಯ್ದು ಆರಿಸಿದ. ಕೊಟ್ಟಿಗೆಯಲ್ಲಿ ಮೂರು ದನ ಕಟ್ಟಿದ್ದವು.

ದಯವಿಟ್ಟು ಲೈಸೆನ್ಸ್ ಇರುವ, ಬಯಲಿನಲ್ಲಿ ಹಾಕುವ ಮಳಿಗೆಯಿಂದಲೇ ತನ್ನಿ. ಫೋನಿನಲ್ಲಿ ಬರುವ ಅಗ್ಗದ ಪಟ್ಟಿ ನಂಬಬೇಡಿ. ಪಟಾಕಿಯ ಆನ್‌ಲೈನ್ ಮಾರಾಟವನ್ನು ಸುಪ್ರೀಂ ಕೋರ್ಟ್ 2018ರಲ್ಲೇ ನಿಷೇಧಿಸಿದೆ. ಕಿರಿದಾಗಿ ಎತ್ತರವಿರುವ ಡಬ್ಬಿ ಬೇಡ, ಅಗಲ ಬುಡದ್ದು ನೋಡಿ. ಅಟ್ಟದ ಮೇಲೆ ಉಳಿದ ಹಳೆಯದನ್ನು ಬಿಸಿಲಿಗಿಟ್ಟು ಬಳಸಲೇಬೇಡಿ. ಸಮತಟ್ಟಾದ ಹಲಗೆಯ ಮೇಲಿಟ್ಟು ನಾಲ್ಕೂ ಬದಿಗೆ ಚಿರೆಕಲ್ಲು ಒತ್ತಿ ನಿಲ್ಲಿಸಿ. ಮಕ್ಕಳಿಗೆ ಹತ್ತಿ ಬಟ್ಟೆ ಹಾಕಿ. ಹೊತ್ತದೇ ಉಳಿದ ಡಬ್ಬಿಯ ಮೇಲೆ ಬಗ್ಗಿ ನೋಡಬೇಡಿ, ಬಹಳ ಹೊತ್ತು ಬಿಟ್ಟು ದೂರದಿಂದ ನೀರು ಸುರಿಯಿರಿ. ಕೊಟ್ಟಿಗೆ, ಹುಲ್ಲು, ಸೋಗೆ ಹತ್ತಿರವಿರುವ ಅಂಗಳದಲ್ಲಿ ಶಾಟ್ಸೇ ಬೇಡ ಎಂಬುದು ನನ್ನ ಅಭಿಪ್ರಾಯ.

ಉಳಿದಿದ್ದ ಎರಡನೇ ಡಬ್ಬಿಯನ್ನು ಬಕೆಟ್ಟಿನಲ್ಲಿ ಎರಡು ದಿನ ನೆನೆಹಾಕಿದೆ. ಅಕ್ಕನ ಮಗನ ಕಾಲಿನ ಕಲೆ ಇನ್ನೂ ಇದೆ. ಈ ಸಲ ಹಬ್ಬಕ್ಕೆ ಬರುತ್ತಾನೆ. ಅವನಿಗೆಂದು ಹತ್ತಿಯ ಚಡ್ಡಿ ಹೊಲಿಸಿಟ್ಟಿದ್ದೇನೆ.